ನಾಲ್ಕು ಗೆರೆ, ಒಂದು ಪೆನ್ಸಿಲ್: ಅರ್ಧಕ್ಕೆ ಬಿಟ್ಟುಹೋಗುವವರ ಬಗ್ಗೆ ನನ್ನ ಅನುಭವ

ಆರು ವರ್ಷದ ಹಿಂದೆ ಒಂದು ಸಂಜೆ ಕೂತು ನನ್ನ ಡೈರಿಯ ಲೆಕ್ಕ ಹಾಕಿದೆ. ಮನಸ್ಸಿನ ತೊಂದರೆಗೆ ಮಾತಿನ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಆ ವರ್ಷ ಹೊಸದಾಗಿ ಬಂದವರು ಸುಮಾರು 90 ಜನ. ಅದರಲ್ಲಿ ನಾಲ್ಕನೇ ಸೆಷನ್ ಮುಟ್ಟುವ ಮೊದಲೇ ಹೇಳದೆ ಕೇಳದೆ ನಿಂತುಹೋದವರು 38 ಜನವೋ 40 ಜನವೋ. ಹತ್ತರಲ್ಲಿ ನಾಲ್ಕು! 2012ರಲ್ಲಿ ಸ್ವಿಫ್ಟ್ ಮತ್ತು ಗ್ರೀನ್‌ಬರ್ಗ್ ಅನ್ನುವ ಸಂಶೋಧಕರು ಇಂಥ ಚಿಕಿತ್ಸೆಯ 669 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಐದರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆ ಅಂತ ಬಂದಿತ್ತು. ನನ್ನದು ಅದರ ಎರಡರಷ್ಟು.

ಅಲ್ಲಿಯವರೆಗೆ ನನ್ನ ಹತ್ತಿರ ಒಂದು ಒಳ್ಳೆ ಪದ ಇತ್ತು. ಪ್ರತಿರೋಧ. ಬಂದವರ ಮನಸ್ಸೇ ಬದಲಾವಣೆಗೆ ಅಡ್ಡ ನಿಲ್ಲುತ್ತದೆ ಅಂತ ಅರ್ಥ. ಯಾರಾದರೂ ಬರುವುದು ನಿಲ್ಲಿಸಿದರೆ ಫೈಲಿನಲ್ಲಿ ಹಾಗೆ ಬರೆದು ಮುಚ್ಚುತ್ತಿದ್ದೆ. ಎಷ್ಟು ಅನುಕೂಲದ ಪದ ನೋಡಿ. ತಪ್ಪೆಲ್ಲ ಎದುರಿನ ಕುರ್ಚಿಗೆ ಹೋಗಿಬಿಡುತ್ತದೆ, ನಮ್ಮ ಕುರ್ಚಿಗೆ ಏನೂ ಅಂಟುವುದಿಲ್ಲ.

ಖಾಸಗಿಯಾಗಿ ಕೂತವರಿಗೆ ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ಹೊಟ್ಟೆಪಾಡೂ ಹೌದು. ವಾರಕ್ಕೆ 22 ಗಂಟೆ ತೆಗೆದಿಟ್ಟಿದ್ದೆ. ಆರೇಳು ಗಂಟೆ ಖಾಲಿ ಹೋಗುತ್ತಿತ್ತು. ಖಾಲಿ ಗಂಟೆಗೂ ಬಾಡಿಗೆ ಓಡುತ್ತದೆ ಅಲ್ವಾ. ಹಾಗಾಗಿ ನಾನು ಮೊದಲು ಮಾಡಿದ್ದು ದುಡ್ಡಿನ ಕಡೆಯಿಂದಲೇ. ಎಂಟು ಸೆಷನ್‌ಗೆ ಮುಂಗಡ ಕಟ್ಟಿದರೆ ರಿಯಾಯಿತಿ ಅಂದೆ. ಕಟ್ಟಿದರು, ಆಮೇಲೆ ಬರಲಿಲ್ಲ. ದುಡ್ಡು ವಾಪಸ್ ಕೇಳುವುದಕ್ಕೆ ಅವರಿಗೆ ಸಂಕೋಚ, ಇಟ್ಟುಕೊಳ್ಳುವುದಕ್ಕೆ ನನಗೆ ಸಂಕೋಚ. ಹನ್ನೊಂದು ಜನರಿಗೆ ನಾನೇ ಫೋನ್ ಮಾಡಿ ಹಿಂದಿರುಗಿಸಿದೆ. ಆ ತಿಂಗಳು ನನ್ನ ಕೈಗೆ ಉಳಿದದ್ದು ಎಂದಿನ ಗಳಿಕೆಯ ಅರ್ಧಕ್ಕಿಂತ ಕಡಿಮೆ.

ಆಮೇಲೆ ತರಬೇತಿಯ ಹುಚ್ಚು ಹತ್ತಿತು. ಒಂದೂವರೆ ವರ್ಷದಲ್ಲಿ ಮೂರು ಕೋರ್ಸ್. ಹೆಚ್ಚುಕಡಿಮೆ ಮೂರು ತಿಂಗಳ ದುಡಿಮೆ ಅದಕ್ಕೇ ಹೋಯಿತು. ಕೈಗೆ ಹೊಸ ತಂತ್ರಗಳು ಬಂದವು, ಸುಳ್ಳು ಹೇಳಬಾರದು. ಆದರೆ ಮೊದಲು ಹಳೆ ತಂತ್ರ ನೋಡಿ ಬಿಟ್ಟುಹೋಗುತ್ತಿದ್ದವರು ಈಗ ಹೊಸ ತಂತ್ರ ನೋಡಿ ಬಿಟ್ಟುಹೋದರು, ಅಷ್ಟೇ.

ಕಣ್ಣು ತೆರೆಸಿದ್ದು ಒಂದು ಹಳೆ ಅಧ್ಯಯನ. ಸಂಶೋಧಕ ಲ್ಯಾಂಬರ್ಟ್ ಅವರ ತಂಡ 2005ರಲ್ಲಿ ಪ್ರಕಟಿಸಿದ್ದು. ನಿಮ್ಮ ಕ್ಲೈಂಟ್‌ಗಳಲ್ಲಿ ಯಾರ ಸ್ಥಿತಿ ಹದಗೆಡಬಹುದು ಅಂತ ಚಿಕಿತ್ಸಕರನ್ನೇ ಕೇಳಿದ್ದರು. 550 ಜನರಲ್ಲಿ ಚಿಕಿತ್ಸಕರು ಬೆರಳು ತೋರಿಸಿದ್ದು ಮೂವರ ಕಡೆಗೆ. ನಿಜವಾಗಿ ಹದಗೆಟ್ಟಿದ್ದು 40 ಜನ. ಆ ಮೂವರಲ್ಲೂ ಸರಿಹೋದ ಊಹೆ ಒಂದೇ. ನಾನು ನಂಬಲಿಲ್ಲ. ನನಗೆ ಅನುಭವ ಇದೆ, ಮುಖ ನೋಡಿದರೆ ಗೊತ್ತಾಗುತ್ತದೆ ಅಂದುಕೊಂಡೆ. ಸರಿ, ಪರೀಕ್ಷೆ ಮಾಡೋಣ ಅಂತ ಮೂರು ತಿಂಗಳು ಹೊಸಬರ ಹೆಸರಿನ ಮುಂದೆ ಊಹೆ ಬರೆದಿಟ್ಟೆ. ಸುಮಾರು 30 ಜನ. ಬಿಡುತ್ತಾರೆ ಅಂತ ಐವರ ಹೆಸರು ಬರೆದಿದ್ದೆ. ಅವರಲ್ಲಿ ಬಿಟ್ಟಿದ್ದು ಒಬ್ಬರು. ಇವರು ಗಟ್ಟಿ ಅಂತ ಬರೆದಿದ್ದವರಲ್ಲಿ ಎಂಟೊಂಬತ್ತು ಜನ ಮಾಯ. ಆ ಹಾಳೆ ಈಗಲೂ ನನ್ನ ಡ್ರಾಯರ್‌ನಲ್ಲಿದೆ. ಸ್ವಲ್ಪ ಜಂಬ ಬಂದಾಗ ತೆಗೆದು ನೋಡುತ್ತೇನೆ.

ಮುಖ ನೋಡಿ ಗೊತ್ತಾಗದಿದ್ದರೆ ಬಾಯಿಬಿಟ್ಟು ಕೇಳಲೇಬೇಕು. ಅದಕ್ಕೆ ಮಿಲ್ಲರ್ ಮತ್ತು ಡಂಕನ್ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ ಎರಡು ಚೀಟಿಗಳಿವೆ. ಸೆಷನ್ ಶುರುವಿನಲ್ಲಿ ಒಆರ್‌ಎಸ್ (ಬಂದವರು ಹೇಗಿದ್ದಾರೆ ಅಂತ), ಕೊನೆಯಲ್ಲಿ ಎಸ್‌ಆರ್‌ಎಸ್ (ಸೆಷನ್ ಹೇಗಿತ್ತು ಅಂತ). ಎರಡರಲ್ಲೂ ನಾಲ್ಕು ಗೆರೆ, ಒಂದೊಂದೂ 10 ಸೆಂಟಿಮೀಟರ್, ಒಟ್ಟು 40. ಬಂದವರು ಗೆರೆಯ ಮೇಲೆ ಗುರುತು ಹಾಕುತ್ತಾರೆ, ನಾವು ಸ್ಕೇಲಿನಲ್ಲಿ ಅಳೆದು ಕೂಡುತ್ತೇವೆ, ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು. ಒಬ್ಬರೇ ಕೂತು ಕೆಲಸ ಮಾಡುವವರಿಗೆ ಕಾಗದದ ಆವೃತ್ತಿಗೆ ಖರ್ಚಿಲ್ಲ. ಒಆರ್‌ಎಸ್ ಅಂದಾಗ ನಮ್ಮ ಮನೆಯವರು, ‘ಭೇದಿಗೆ ಕುಡಿಸುವ ಪುಡಿನಾ?’ ಅಂತ ಕೇಳಿದರು. ನನ್ನ ಸೂಪರ್‌ವೈಸರ್ ಮಾತು ಇನ್ನೂ ಖಾರ. ‘ಏನಮ್ಮ, ಇದು ಹೋಟೆಲಿನ ಅಭಿಪ್ರಾಯ ಚೀಟಿ ಆಯ್ತಲ್ಲ? ಊಟ ಹೇಗಿತ್ತು, ಸೇವೆ ಹೇಗಿತ್ತು?’ ಪಕ್ಕದ ಕೋಣೆಯ ಸಹೋದ್ಯೋಗಿಯೊಬ್ಬರು ನನ್ನ ಸ್ಕೇಲು ನೋಡಿ ಟೈಲರಿಂಗ್ ಶುರು ಮಾಡಿದ್ರಾ ಅಂದರು.

ಮೊದಲ ನಾಲ್ಕು ತಿಂಗಳು ಅವರು ನಕ್ಕಿದ್ದೇ ಸರಿ ಅನ್ನಿಸಿತು. ಎಲ್ಲರೂ ಕೊನೆಯ ಚೀಟಿಯಲ್ಲಿ 39, 40 ಕೊಡುತ್ತಿದ್ದರು. 40 ಕೊಟ್ಟವರೇ ಮುಂದಿನ ವಾರ ಬರುತ್ತಿರಲಿಲ್ಲ. ನಿಯಮದ ಪ್ರಕಾರ 36ಕ್ಕಿಂತ ಕಡಿಮೆ ಬಂದರೆ ಅಲ್ಲಿಯೇ ನಿಂತು ಮಾತಾಡಬೇಕು. ಕಡಿಮೆ ಬಂದರೆ ತಾನೇ! ಚೀಟಿ ಚಿಕ್ಕದಾಗಿದೆಯೋ ಏನೋ ಅಂತ ದೊಡ್ಡದು ಮಾಡಿಸಿದೆ. ಬಣ್ಣ ಬದಲಿಸಿದೆ. ಕಾಗದ ನೋಡಿ ಸಂಕೋಚ ಆಗಬಹುದು ಅಂತ ಟ್ಯಾಬ್ಲೆಟ್ ತಂದು ಒಂದು ಸಾಫ್ಟ್‌ವೇರ್‌ಗೆ ವರ್ಷದ ಚಂದಾ ಕಟ್ಟಿದೆ. ಒಂದು ತಿಂಗಳ ಬಾಡಿಗೆಯಷ್ಟು ಖರ್ಚು. ಅಂಕ ತಾನಾಗಿ ಕೂಡುತ್ತಿತ್ತು, ಚಂದದ ಗ್ರಾಫ್ ಬರುತ್ತಿತ್ತು. ಎಲ್ಲ 40ರಲ್ಲೇ, ನೆಲಕ್ಕೆ ಎಳೆದ ಗೆರೆಯ ಹಾಗೆ ಚಪ್ಪಟೆ. ಟ್ಯಾಬ್ಲೆಟ್ ಈಗ ಮನೆಯಲ್ಲಿ ಹಾಡು ಕೇಳುವುದಕ್ಕಿದೆ.

ತಪ್ಪು ಎಲ್ಲಿದೆ ಅಂತ ಗೊತ್ತಾಗಲು ನನ್ನದೇ ಒಂದು ಸೆಷನ್ನನ್ನು ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ ಕೇಳಬೇಕಾಯಿತು. ಅವರು ಬ್ಯಾಗು ಹೆಗಲಿಗೆ ಹಾಕಿಕೊಂಡಾಗ ನಾನು ಚೀಟಿ ಕೊಡುತ್ತಿದ್ದೆ. ‘ಸುಮ್ನೆ ಒಂದು ಫಾರ್ಮ್, ಬೇಗ ತುಂಬಿಬಿಡಿ’ ಅನ್ನುತ್ತಿದ್ದೆ. ಆ ‘ಸುಮ್ನೆ’ ಅನ್ನುವ ಪದ ಕೇಳಿ ನಾಚಿಕೆ ಆಯಿತು. ಬೇಗ ತುಂಬಿಬಿಡಿ ಅಂದರೆ ಅವರಿಗೆ ಕೇಳಿಸುವುದು ಒಳ್ಳೇದು ಬರೀರಿ ಅಂತ. ಮೇಲಾಗಿ ಒಂದು ಗಂಟೆ ತಮ್ಮ ನೋವು ಕೇಳಿಸಿಕೊಂಡವರ ಎದುರೇ ಕೂತು ‘ನಿಮ್ಮಿಂದ ಏನೂ ಆಗಲಿಲ್ಲ’ ಅಂತ ಯಾರು ಬರೆಯುತ್ತಾರೆ?

ಅವತ್ತಿಂದ ಹತ್ತು ನಿಮಿಷ ಮೊದಲೇ ಕೊಡುವುದಕ್ಕೆ ಶುರು ಮಾಡಿದೆ. ಅಷ್ಟೊತ್ತು ಬೇಕು. ಐದು ನಿಮಿಷ ಸಾಲದು, ನಾನು ಎರಡೂ ಮಾಡಿ ನೋಡಿದ್ದೇನೆ. ಕೊಡುವಾಗ ಒಂದು ಮಾತು ಹೇಳುತ್ತೇನೆ. ಆ ಮಾತು ಸರಿಹೋಗಲು ನನಗೆ ಆರು ತಿಂಗಳು ಬೇಕಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಜಿಪುಣತನ ಅಂದುಕೊಳ್ಳಿ ಬೇಕಾದರೆ. ನನ್ನ ವಾಕ್ಯ ನಿಮ್ಮ ಬಾಯಲ್ಲಿ ಕಂಠಪಾಠದ ಹಾಗೆ ಕೇಳಿಸುತ್ತದೆ, ಅದು ‘ಸುಮ್ನೆ’ಗಿಂತ ಕಡೆ.

ಪೆನ್ಸಿಲ್ ಸಿಕ್ಕಿದ್ದು ಮಾತ್ರ ಅದೃಷ್ಟ. ಒಂದು ದಿನ ಪೆನ್ನು ಖಾಲಿಯಾಗಿತ್ತು. ಹಿಂಬದಿ ರಬ್ಬರ್ ಇದ್ದ ಪೆನ್ಸಿಲ್ ಕೊಟ್ಟೆ. ಸಂಜೆ ಸ್ಕೇಲು ಹಿಡಿದು ಅಳೆಯುವಾಗ ನೋಡುತ್ತೇನೆ, ಮೂರನೇ ಗೆರೆಯ ಮೇಲೆ ಆರರ ಹತ್ತಿರ ಒಂದು ಗುರುತು ಹಾಕಿ ಅಳಿಸಿ, ಒಂಬತ್ತೂವರೆಗೆ ಇನ್ನೊಂದು ಹಾಕಿದ್ದಾರೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ! ಒಂಬತ್ತೂವರೆ ಅವರ ಮರ್ಯಾದೆ, ಆರು ಅವರ ಮನಸ್ಸು. ಆಮೇಲೆ ನಾನು ಪೆನ್ನು ಮುಟ್ಟಿಲ್ಲ. ಅಳಿಸಿದ್ದನ್ನು ತೋರಿಸಿ ಜೋರು ಮಾಡಬಾರದು, ಅದು ಕಳ್ಳನನ್ನು ಹಿಡಿದ ಹಾಗಾಗುತ್ತದೆ. ಮುಂದಿನ ಸಲ ಆ ಗೆರೆಯ ವಿಷಯವನ್ನೇ ನಾನು ಮೊದಲು ಎತ್ತುತ್ತೇನೆ.

ಒಬ್ಬರ ಕತೆ ಹೇಳಲೇಬೇಕು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಆತಂಕ ಅಂತ ಬಂದವರು, ಮಧ್ಯವಯಸ್ಸು. ನಾನು ಎಲ್ಲರಿಗೂ ಮಾಡಿಸುವ ಹಾಗೆ ನಿಧಾನದ ಉಸಿರಾಟ ಕಲಿಸಿದೆ. ಚೆನ್ನಾಗಿ ಮಾಡಿದರು, ನಕ್ಕರು. ಎರಡನೇ ಸೆಷನ್‌ನ ಕೊನೆಗೆ ‘ವಿಧಾನ’ ಅನ್ನುವ ಗೆರೆಯಲ್ಲಿ 6.2. ಅಳಿಸಿರಲೂ ಇಲ್ಲ. ಏನು ಹೊಂದಲಿಲ್ಲ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: ‘ಮೇಡಂ, ಅಮ್ಮನ ಕೊನೆ ಹನ್ನೆರಡು ದಿನ ನಾನು ಅವಳ ಉಸಿರು ಎಣಿಸ್ತಾ ಕೂತಿದ್ದೆ. ನೀವು ಉಸಿರು ಎಣಿಸಿ ಅಂದಾಗ ಮತ್ತೆ ಅದೇ ಮಂಚದ ಪಕ್ಕ ಹೋಗಿ ಕೂತ ಹಾಗೆ ಆಗತ್ತೆ.’

ಇದು ಆತಂಕದ ಕೇಸೇ ಅಲ್ಲ, ದುಃಖದ್ದು. ಮೊದಲ ದಿನದ ಫಾರ್ಮಿನಲ್ಲಿ ‘ತಾಯಿ ತೀರಿಕೊಂಡಿದ್ದಾರೆ’ ಅಂತ ನಾನೇ ಬರೆದುಕೊಂಡಿದ್ದೆ, ಯಾವಾಗ ಹೇಗೆ ಅಂತ ಕೇಳಿರಲಿಲ್ಲ. ಉಸಿರಾಟ ಬಿಟ್ಟೆವು. ಅಮ್ಮನ ಬಗ್ಗೆ ಮಾತಾಡಿದೆವು. ಹದಿನಾಲ್ಕು ಸೆಷನ್ ಬಂದರು. ಶುರುವಿನಲ್ಲಿ ಒಆರ್‌ಎಸ್ 14ರ ಆಸುಪಾಸು ಇತ್ತು, ಕೊನೆಗೆ 29 ದಾಟಿತ್ತು. ದೊಡ್ಡವರಿಗೆ 25 ಗಡಿ, ಅದಕ್ಕಿಂತ ಕೆಳಗಿದ್ದರೆ ಸಹಾಯ ಬೇಕಾದಷ್ಟು ತೊಂದರೆ ಅಂತ ಅರ್ಥ. ಆ ಚೀಟಿ ಇಲ್ಲದಿದ್ದರೆ ಮೂರನೇ ವಾರ ಅವರು ಬರುತ್ತಿರಲಿಲ್ಲ, ನಾನು ಫೈಲಿನಲ್ಲಿ ಪ್ರತಿರೋಧ ಅಂತ ಬರೆಯುತ್ತಿದ್ದೆ.

ಎಲ್ಲ ಕಡೆ ಹೀಗೆ ಗೆದ್ದೆ ಅಂತ ತಿಳಿಯಬೇಡಿ. ತೀರಾ ಕುಸಿದು ಬಂದ ಒಬ್ಬರಿಗೆ, ನಿಯಮ ನಿಯಮ ಅಂತ, ಬಂದ ಕೂಡಲೇ ಚೀಟಿ ಚಾಚಿದೆ. ಅವರು ಅದನ್ನು ಮಗುಚಿ ಮೇಜಿನ ಮೇಲೆ ಇಟ್ಟರು. ಅಷ್ಟೇ. ಅವತ್ತು ಅವರಿಗೆ ಬೇಕಿದ್ದದ್ದು ಮನುಷ್ಯ, ಗೆರೆ ಅಲ್ಲ. ತುರ್ತು ಮನೋವೈದ್ಯಕೀಯ ಸೇವೆಗಳಲ್ಲಿ ಈ ಪದ್ಧತಿಯಿಂದ ಲಾಭ ಕಾಣಲಿಲ್ಲ ಅಂತ ಅಧ್ಯಯನ ಇದೆ, ಅದನ್ನು ಓದಿದ್ದು ಆಮೇಲೆ. ಈಗ ಅಂಥವರಿಗೆ ಮೊದಲ ದಿನ ಕೊಡುವುದಿಲ್ಲ. ಇನ್ನೊಂದು ಮಾತು, ಈ ಕೆಲಸಕ್ಕೆ ಹೊಸಬರು ಮರೆಯುತ್ತಾರೆ: ಈ ಚೀಟಿಗಳಲ್ಲಿ ಸಾಯುವ ಯೋಚನೆಯ ಪ್ರಶ್ನೆ ಇಲ್ಲ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆಯಲ್ಲಿ ಇದೆ. ಒಆರ್‌ಎಸ್ 30 ಬಂತು, ಚೆನ್ನಾಗಿದ್ದಾರೆ ಅಂತ ಕೂರಬೇಡಿ. ಅದನ್ನು ಬಾಯಲ್ಲೇ, ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು ಭಯ.

ನಡುವೆ ಅಡ್ಡದಾರಿಗಳೂ ಆದವು. ಗಡಿಯಾರವನ್ನು ಅವರ ಎದುರು ಇಟ್ಟು ನೋಡಿದೆ, ನನ್ನ ಎದುರು ಇಟ್ಟು ನೋಡಿದೆ. ಅಂಕದಲ್ಲಿ ವ್ಯತ್ಯಾಸ ಬರಲಿಲ್ಲ, ಆದರೆ ಅವರಿಗೆ ಕಾಣುವಂತೆ ಇಟ್ಟಾಗ ಮುಖ್ಯ ವಿಷಯ ಬಾಗಿಲ ಹತ್ತಿರ ಹೇಳುವುದು ಕಡಿಮೆಯಾಯಿತು. ಬರದಿದ್ದವರಿಗೆ ಫೋನ್ ಮಾಡುವ ಬದಲು ಕೈಬರಹದ ಎರಡು ಸಾಲಿನ ಪತ್ರ ಕಳಿಸಿದೆ. ಇಪ್ಪತ್ತರಲ್ಲಿ ನಾಲ್ವರು ವಾಪಸ್ ಬಂದರು. ಇದರ ಹಿಂದೆ ಏನಿದೆ ಅಂತ ಇನ್ನೂ ಕೆದಕುತ್ತಿದ್ದೇನೆ. ಸ್ವತಃ ನನಗೇ ಎಸ್‌ಆರ್‌ಎಸ್ ತುಂಬಿಕೊಂಡು ಅವರ ಅಂಕದ ಜೊತೆ ಹೋಲಿಸಿದ್ದೂ ಉಂಟು. ನಾನು ತುಂಬಾ ಚೆನ್ನಾಗಿ ಮಾಡಿದೆ ಅಂದುಕೊಂಡ ದಿನಗಳಲ್ಲಿ ನಾನೇ ಜಾಸ್ತಿ ಮಾತಾಡಿದ್ದೆ. ಆ ಪ್ರಯೋಗ ಬೇಗ ನಿಲ್ಲಿಸಿದೆ.

ಈಗಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಕಳೆದ ವರ್ಷ ಹೊಸಬರು 80 ಚಿಲ್ಲರೆ. ನಾಲ್ಕರೊಳಗೆ ಬಿಟ್ಟವರು 15, 16. ಅವರಲ್ಲೂ ಕೆಲವರು ಎರಡೇ ಸೆಷನ್‌ನಲ್ಲಿ ಸಾಕಾಯಿತು ಅಂತ ಹೇಳಿ ಹೋದವರು, ಅದು ಬಿಟ್ಟುಹೋಗಿದ್ದಲ್ಲ. ವಾರದ ಖಾಲಿ ಗಂಟೆ ಎರಡೋ ಮೂರೋ. ಫೀಸು ಏರಿಸದೆ ಗಳಿಕೆ ಕಾಲು ಭಾಗ ಏರಿದೆ. ವಿಚಿತ್ರ ಅಂದರೆ ನನ್ನ ಎಸ್‌ಆರ್‌ಎಸ್ ಸರಾಸರಿ ಮೊದಲಿಗಿಂತ ಇಳಿದಿದೆ. 39ರಿಂದ 35ಕ್ಕೆ. ಮೊದಲ ವಾರ 33 ಕೊಟ್ಟು ಬೈದವರೇ ಕೊನೆಯವರೆಗೆ ಉಳಿದಿದ್ದಾರೆ.

ಹೋದ ತಿಂಗಳು ಪಕ್ಕದ ಕೋಣೆಯ ಆ ಸಹೋದ್ಯೋಗಿ ಬಂದು, ಎರಡು ವಾರದಲ್ಲಿ ಐದು ಜನ ಬಿಟ್ಟುಹೋದರು, ಆ ನಿಮ್ಮ ಟೈಲರಿಂಗ್ ಚೀಟಿ ಒಂದಷ್ಟು ಕೊಡಿ ಅಂದರು. ಇಪ್ಪತ್ತು ಪ್ರತಿ ಕೊಟ್ಟೆ. ಮರುದಿನ ನೋಡಿದರೆ ಅವರ ಮೇಜಿನ ಮೇಲೆ ಚೀಟಿಯ ಪಕ್ಕ ಒಂದು ನೀಲಿ ಪೆನ್ನು ಇಟ್ಟಿದ್ದರು. ನಾನು ಏನೂ ಹೇಳಲಿಲ್ಲ.