ದೋಣಿಯಲ್ಲಿ ಸಂಸಾರ: ಮೊದಲು ಉಪ್ಪನ್ನು ಹೊರಗೆ ಹಾಕಿ

ಸಮುದ್ರದ ನೀರಲ್ಲಿ ಒಗೆದ ಬಟ್ಟೆಯನ್ನು ಎಂಥ ಬಿಸಿಲಿಗೆ ಹಾಕಿದರೂ ಸಂಜೆ ಹೊತ್ತಿಗೆ ಮತ್ತೆ ಥಂಡಿ. ಹಾಯಿದೋಣಿಯಲ್ಲೇ ಮನೆ ಮಾಡಿಕೊಂಡಿರುವ ನನ್ನ ತಮ್ಮನ ಮಗಳು ಫೋನ್ ಮಾಡಿದಾಗೆಲ್ಲ ಇದನ್ನೇ ಹೇಳುತ್ತಾಳೆ: "ದೊಡ್ಡಪ್ಪ, ಏನೂ ಒಣಗ್ತಾನೇ ಇಲ್ಲ."

ಒಣಗುವುದಿಲ್ಲ ಮತ್ತೆ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಬಟ್ಟೆಯಲ್ಲೇ ಉಳಿಯುತ್ತದೆ. ಗಾಳಿಯ ತೇವ ಶೇಕಡ 75 ದಾಟಿತು ಅಂದರೆ ಅದು ನೀರು ಎಳೆದುಕೊಳ್ಳುತ್ತದೆ. ಜುಲೈನಲ್ಲಿ ನಮ್ಮ ಮಡಿಕೇರಿ ಮನೆಗಳ ಉಪ್ಪಿನ ಭರಣಿ ನೀರೊಡೆಯುವುದೂ ಇದಕ್ಕೇ. ಹಾಗಾಗಿ ಒಗೆಯುವುದು ಉಪ್ಪುನೀರಲ್ಲಾದರೂ ಪರವಾಗಿಲ್ಲ, ಕೊನೆಯ ಜಾಲು ಮಾತ್ರ ಸಿಹಿನೀರಲ್ಲೇ ಆಗಬೇಕು. ಚೆನ್ನಾಗಿ ಹಿಂಡಿ ಜಾಲಿಸಿದರೆ ಸ್ವಲ್ಪ ನೀರೇ ಸಾಕು. ಮಳೆ ಬಂದರೆ ಬಿಡಬೇಡಿ. ಮೊದಲ ಮಳೆ ಡೆಕ್ಕಿನ ಉಪ್ಪು ತೊಳೆದು ಹೋಗಲಿ, ಆಮೇಲೆ ಬಕೆಟ್ ಇಡಿ.

ಉಪ್ಪು ಮೆತ್ತಿದ ಬಟ್ಟೆಯಲ್ಲಿ ಹಾಸಿಗೆ ಮೇಲೆ ಯಾರನ್ನೂ ಕೂರಿಸಬೇಡಿ, ನೆಂಟರೇ ಆಗಲಿ. ಒಮ್ಮೆ ಹಾಸಿಗೆಗೆ ಉಪ್ಪು ಹಿಡಿದರೆ ತೆಗೆಯುವುದು ದೊಡ್ಡ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿ, ಅಡಿಗೆ ಗಾಳಿಯಾಡಲಿ. ಬಟ್ಟೆಯ ಕಪಾಟುಗಳನ್ನೂ ಅಷ್ಟೇ, ದಿನಾ ಸ್ವಲ್ಪ ಹೊತ್ತು ತೆರೆದಿಡಿ. ಬೂಷ್ಟು ಕಂಡರೆ ವಿನೆಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆ.

ಅಡುಗೆ ಮಾಡುವಾಗ ಮೇಲಿನ ಕಿಂಡಿ ತೆಗೆದಿರಲಿ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಜಾಸ್ತಿ ನೀರು ಆವಿಯಾಗಿ ಒಳಗೇ ಸೇರುತ್ತದೆ. ಅನ್ನ, ಸಾರಿನ ಹಬೆ ಬೇರೆ. ಇನ್ನೊಂದು ಮಾತು, ಇದನ್ನು ಕಡ್ಡಾಯ ಅಂತಲೇ ತಿಳಿಯಿರಿ: ಒಲೆ ಆರಿಸಿದ ಮೇಲೆ ಸಿಲಿಂಡರಿನ ಹತ್ತಿರವೇ ವಾಲ್ವ್ ಮುಚ್ಚಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಊರಿನ ಮನೆಯಲ್ಲಾದರೆ ಬಾಗಿಲಿಂದ ಹೊರಗೆ ಹರಿದುಹೋಗಬಹುದು. ದೋಣಿಯಲ್ಲಿ ಸೋರಿದ್ದು ತಳದಲ್ಲಿ ಮಡುಗಟ್ಟುತ್ತದೆ, ಅಲ್ಲಿಗೆ ಒಂದು ಕಿಡಿ ಸಾಕು.

ತಳಕ್ಕೆ ಬಿಲ್ಜ್ ಅನ್ನುತ್ತಾರೆ. ಕಾಫಿ ಕುಡಿಯುವ ಮುಂಚೆ ನೆಲದ ಹಲಗೆ ಎತ್ತಿ ಅದನ್ನು ನೋಡುವ ರೂಢಿ ಇಟ್ಟುಕೊಳ್ಳಿ. ಒಣಗಿದ್ದರೆ ಸರಿ. ನೀರಿದ್ದು, ಎಣ್ಣೆ ಡೀಸೆಲ್ ತೇಲುತ್ತಿಲ್ಲ ಅಂದರೆ, ಬೆರಳ ತುದಿಗೆ ಒಂದು ಹನಿ ತಗೊಂಡು ನಾಲಿಗೆಗೆ ತಾಗಿಸಿ ಉಗಿಯಿರಿ. ಸಪ್ಪೆಯಾಗಿದ್ದರೆ ನೀರಿನ ಟ್ಯಾಂಕೋ ಪೈಪೋ ಸೋರುತ್ತಿದೆ, ಇಲ್ಲವೇ ಮಳೆ ಒಳಗೆ ಬಂದಿದೆ. ಉಪ್ಪಾಗಿದ್ದರೆ ಸಮುದ್ರವೇ ಒಳಗೆ ಬರುತ್ತಿದೆ, ಬೇರೆ ಕೆಲಸ ಬಿಟ್ಟು ಜಾಗ ಹುಡುಕಿ. ದೋಣಿಯ ಮೈಯಲ್ಲಿ ನೀರಿಗೆ ತೆರೆದಿರುವ ತೂತುಗಳಿಗೆ ಒಂದೊಂದು ವಾಲ್ವ್ ಇರುತ್ತದಲ್ವಾ, ಅವನ್ನು ತಿಂಗಳಿಗೊಮ್ಮೆಯಾದರೂ ತೆಗೆದು ಮುಚ್ಚಿ ಮಾಡಿ. ಸುಮ್ನೆ ಬಿಟ್ಟರೆ ಬಿಗಿದು ಕೂತುಬಿಡುತ್ತವೆ. ಪ್ರತಿಯೊಂದರ ಪಕ್ಕ ಆ ತೂತಿಗೆ ಹೊಂದುವ ಮೆತ್ತನೆ ಮರದ ಬಿರಡೆ ಕಟ್ಟಿಡಿ. ಪೈಪ್ ಕಿತ್ತು ಬಂದರೆ ಕತ್ತಲಲ್ಲೂ ಕೈಗೆ ಸಿಗಬೇಕು.

ದಿನಸಿ ತಂದರೆ ರಟ್ಟಿನ ಪೆಟ್ಟಿಗೆಗಳನ್ನು ದಡದಲ್ಲೇ ಬಿಡಿ, ಅದರ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಬರುತ್ತದೆ. ಈರುಳ್ಳಿ, ಆಲೂಗಡ್ಡೆಯನ್ನು ಬೇರೆ ಬೇರೆ ಬಲೆಚೀಲದಲ್ಲಿ ತೂಗುಹಾಕಿ. ಬೇಳೆ, ಅಕ್ಕಿ, ಕಾಫಿಪುಡಿ ಎಲ್ಲವೂ ಬಿಗಿ ಮುಚ್ಚಳದ ಡಬ್ಬಿಗೇ.