ಹಿಜ್ಕೀಯನ ಕಪ್ಪವನ್ನು ನಾನು ಓದಿದ ಬಗೆ

ಯೆಹೂದ್ಯರ ಪ್ರಾಚೀನ ಗ್ರಂಥವಾದ ತನಖ್ ಅನ್ನು ಸಾಹಿತ್ಯವಾಗಿಯೂ ಚರಿತ್ರೆಯ ಆಕರವಾಗಿಯೂ ಅಭ್ಯಾಸ ಮಾಡಬೇಕೆಂದು ಹೊರಟ ನಾನು, ಮೊದಲ ಪುಟದಿಂದಲೇ ಓದುವ ಹಟ ಹಿಡಿದು ಯಾಜಕಕಾಂಡದ ಬಲಿವಿಧಿಗಳ ನಡುವೆ ಸೋತು ಕುಳಿತೆ. ಆಮೇಲೆ ದಾರಿ ಬದಲಿಸಿ, ಗ್ರಂಥದ ಹೊರಗೂ ಸಾಕ್ಷ್ಯ ಉಳಿದಿರುವ ಒಂದೇ ಘಟನೆಯನ್ನು ಆರಿಸಿಕೊಂಡೆ. ಅದು ಕ್ರಿ.ಪೂ. 701ರಲ್ಲಿ ಅಶ್ಶೂರದ (ಅಸ್ಸೀರಿಯಾದ) ದೊರೆ ಸನ್ಹೇರೀಬನು ಯೆಹೂದ ರಾಜ್ಯದ ಮೇಲೆ ನಡೆಸಿದ ದಂಡಯಾತ್ರೆ.

ಈ ವೃತ್ತಾಂತವು ಅರಸುಗಳು ಎರಡನೆಯ ಭಾಗದಲ್ಲಿ, ಯೆಶಾಯನ ಗ್ರಂಥದಲ್ಲಿ ಮತ್ತು ಪೂರ್ವಕಾಲವೃತ್ತಾಂತದಲ್ಲಿ, ಹೀಗೆ ಮೂರು ಕಡೆ ಬರುತ್ತದೆ. ಮೂರರ ಕನ್ನಡ ಅನುವಾದವನ್ನೂ ಜೆರಾಕ್ಸ್ ಮಾಡಿಸಿ, ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಒಂದೇ ಮಾತು ಬಂದಲ್ಲೆಲ್ಲ ಒಂದೇ ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆದೆ. ಅರಸುಗಳ ಪುಸ್ತಕವೂ ಯೆಶಾಯನ ಗ್ರಂಥವೂ ಬಹುಪಾಲು ಪದಶಃ ಹೊಂದಿಕೊಂಡವು. ಆದರೆ ಅರಸುಗಳ 18ನೆಯ ಅಧ್ಯಾಯದ 14ರಿಂದ 16ರವರೆಗಿನ ಮೂರು ವಚನಗಳಿಗೆ ಮಾತ್ರ ಜೋಡಿ ಸಿಗಲಿಲ್ಲ. ಯೆಹೂದದ ಅರಸ ಹಿಜ್ಕೀಯನು ತಪ್ಪಾಯಿತೆಂದು, ಸನ್ಹೇರೀಬನಿದ್ದ ಯೆಹೂದದ ಕೋಟೆಪಟ್ಟಣ ಲಾಕೀಷಿಗೆ ಹೇಳಿಕಳುಹಿಸಿ, ದೇವಾಲಯದ ಬಾಗಿಲುಗಳ ಬಂಗಾರವನ್ನೂ ಕೀಳಿಸಿ, 300 ತಲಾಂತು (ಆ ಕಾಲದ ತೂಕದ ಅಳತೆ) ಬೆಳ್ಳಿ ಮತ್ತು 30 ತಲಾಂತು ಬಂಗಾರದ ಕಪ್ಪ ತೆತ್ತ ಸಂಗತಿ ಅಲ್ಲಿದೆ. ಯೆಶಾಯನ ಗ್ರಂಥ ಇದನ್ನು ಹೇಳುವುದಿಲ್ಲ, ಪೂರ್ವಕಾಲವೃತ್ತಾಂತವೂ ಹೇಳುವುದಿಲ್ಲ. ಮುಂದಿನ ವಚನದಲ್ಲೇ ಏನೂ ಕೊಡದವನಂತೆ ಹಿಜ್ಕೀಯನು ಕೋಟೆಯೊಳಗೆ ನಿಂತಿರುತ್ತಾನೆ.

ಕಪ್ಪ ತೆಗೆದುಕೊಂಡ ಮೇಲೂ ಸನ್ಹೇರೀಬನು ಮಾತಿಗೆ ತಪ್ಪಿರಬೇಕೆಂದು ನಾನು ಮೊದಲು ಸಮಾಧಾನ ಹೇಳಿಕೊಂಡೆ. ಹಾಗೆ ಆಗಿರಲೂಬಹುದು, ಆದರೆ ಪಠ್ಯ ಆಡದ ಮಾತನ್ನು ನಾನು ಅದರ ಬಾಯಿಗೆ ತುರುಕುತ್ತಿದ್ದೆ. ಹೀಬ್ರೂ ಲಿಪಿಯನ್ನು ಕಲಿತು ಮೂಲವನ್ನು ಅಕ್ಷರ ಕೂಡಿಸಿಕೊಂಡು ಓದಿದಾಗ ಬೇರೆಯೇ ಸುಳಿವು ಸಿಕ್ಕಿತು. ಕಪ್ಪದ ವಚನಗಳಲ್ಲಿ ಅರಸನ ಹೆಸರು ‘ಹಿಜ್ಕಿಯಾ’ ಎಂದು ಚಿಕ್ಕದಾಗಿಯೂ 17ನೆಯ ವಚನದಿಂದ ‘ಹಿಜ್ಕಿಯಾಹು’ ಎಂದು ದೀರ್ಘವಾಗಿಯೂ ಇದೆ. ಎರಡು ಬೇರೆ ಮೂಲಗಳನ್ನು ಹೊಲಿದ ಜಾಗವಿದು ಎಂಬ ವಿದ್ವಾಂಸರ ಅಭಿಪ್ರಾಯಕ್ಕೆ ಈ ಕಾಗುಣಿತವೂ ಒಂದು ಆಧಾರ. ಕನ್ನಡ ಅನುವಾದದಲ್ಲಿ ಎರಡೂ ಕಡೆ ‘ಹಿಜ್ಕೀಯ’ ಎಂದೇ ಇರುವುದರಿಂದ ಹೊಲಿಗೆ ಕಾಣುವುದಿಲ್ಲ.

ಇನ್ನು ಸನ್ಹೇರೀಬನದೇ ಹೇಳಿಕೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಆರು ಮುಖಗಳ ಮಣ್ಣಿನ ಶಾಸನದಲ್ಲಿ ಅವನು 46 ಕೋಟೆಪಟ್ಟಣಗಳನ್ನು ಗೆದ್ದುದನ್ನು, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಜೆರುಸಲೇಮಿನಲ್ಲಿ ಕೂಡಿಹಾಕಿದುದನ್ನು, 30 ತಲಾಂತು ಬಂಗಾರ ಮತ್ತು 800 ತಲಾಂತು ಬೆಳ್ಳಿ ಪಡೆದುದನ್ನು ಕೊಚ್ಚಿಕೊಳ್ಳುತ್ತಾನೆ. ಬಂಗಾರದ ಲೆಕ್ಕ ಎರಡೂ ಕಡೆ ಒಂದೇ! ಇದನ್ನು ಓದಲು ನನಗೆ ನೆರವಾದದ್ದು ನಮ್ಮ ಶಾಸನಗಳ ಓದು. 634ರ ಐಹೊಳೆ ಶಾಸನದಲ್ಲಿ ಪುಲಕೇಶಿಯಿಂದ ಹರ್ಷನ ಹರ್ಷವೇ ಅಳಿಯಿತೆಂದು ರವಿಕೀರ್ತಿ ಶ್ಲೇಷೆ ಕಟ್ಟಿದ್ದನ್ನು ಬಲ್ಲವರಿಗೆ, ಅರಸನನ್ನು ಹೊಗಳುವ ಪ್ರಶಸ್ತಿ ಶಾಸನದಲ್ಲಿ ಅಲಂಕಾರದ ಜೊತೆಗೆ ಕ್ರಿಯಾಪದವನ್ನೂ ಗಮನಿಸಬೇಕೆಂಬುದು ಗೊತ್ತಿರುತ್ತದೆ. ಹಕ್ಕಿಯ ಉಪಮೆ ಎಷ್ಟೇ ಸೊಗಸಾಗಿದ್ದರೂ, ಜೆರುಸಲೇಮನ್ನು ಹಿಡಿದೆನೆಂದು ಸನ್ಹೇರೀಬ ಎಲ್ಲಿಯೂ ಹೇಳಿಲ್ಲ. ತನ್ನ ರಾಜಧಾನಿ ನಿನೆವೆಯ ಅರಮನೆಯ ಗೋಡೆಗಳಲ್ಲಿ ಅವನು ವಿಸ್ತಾರವಾಗಿ ಕೆತ್ತಿಸಿದ ಮುತ್ತಿಗೆಯೂ ಲಾಕೀಷಿನದು. ಆ ಊರಿನ ಉತ್ಖನನದಲ್ಲಿ ಅಶ್ಶೂರದವರು ಕಟ್ಟಿದ ಮುತ್ತಿಗೆಯ ಇಳಿಜಾರು ದಿಬ್ಬವೂ ಸಿಕ್ಕಿದೆ.

ಚರಿತ್ರೆಯ ಭಾಗ ಇಷ್ಟಾದರೂ, ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟದ್ದು ಕಥನದ ಕುಶಲತೆ. ಅಶ್ಶೂರದ ಅಧಿಕಾರಿ ರಬ್ಷಾಕೆ ಕೋಟೆಯ ಹೊರಗೆ ನಿಂತು ಬೆದರಿಸುವಾಗ, ಗೋಡೆಯ ಮೇಲಿನ ಜನಕ್ಕೆ ತಿಳಿಯದಂತೆ ಅರಾಮ್ಯ ಭಾಷೆಯಲ್ಲಿ ಮಾತನಾಡಬೇಕೆಂದು ಹಿಜ್ಕೀಯನ ಮಂತ್ರಿಗಳು ಬೇಡುತ್ತಾರೆ. ಅವನು ಬೇಕೆಂದೇ ಯೆಹೂದ್ಯರ ಭಾಷೆಯಲ್ಲಿ ಇನ್ನೂ ಗಟ್ಟಿಯಾಗಿ ಕೂಗುತ್ತಾನೆ. ಅವನ ಮಾತು ನಡೆದದ್ದು ನಡೆದಂತೆ ಬರೆದ ವರದಿಯಾಗಿರಲಾರದು. ಆದರೂ ಶತ್ರುವಿನ ಬಾಯಿಗೆ ಇಷ್ಟು ಸಮರ್ಥವಾದ ವಾದವನ್ನು ಕೊಟ್ಟ ಆ ಬರಹಗಾರನ ಧೈರ್ಯವನ್ನು ಮೆಚ್ಚದಿರಲು ನನಗಾಗಲಿಲ್ಲ.

ಸನ್ಹೇರೀಬನು ತನ್ನ ದೇಶದಲ್ಲೇ ಕತ್ತಿಗೆ ಬಲಿಯಾಗುವನೆಂದು 19ನೆಯ ಅಧ್ಯಾಯದ ಆರಂಭದಲ್ಲಿ ಪ್ರವಾದಿ ಯೆಶಾಯನು ನುಡಿಯುತ್ತಾನೆ. ಅಧ್ಯಾಯದ ಕೊನೆಯಲ್ಲಿ ಸನ್ಹೇರೀಬನು ನಿನೆವೆಗೆ ಮರಳುತ್ತಾನೆ, ಮರುವಚನದಲ್ಲೇ ಮಕ್ಕಳು ಅವನನ್ನು ಕೊಲ್ಲುತ್ತಾರೆ. ಆ ಕೊಲೆ ನಡೆದದ್ದು ಕ್ರಿ.ಪೂ. 681ರಲ್ಲಿ. ಆ ಎರಡು ವಚನಗಳ ಪಕ್ಕದ ಅಂಚಿನಲ್ಲಿ ‘20 ವರ್ಷ’ ಎಂದು ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದೇನೆ.