ಮುಖದೊಳಗೊಂದು ಮಳೆಮರ

ಪಕ್ಕದಿಂದ ತೆಗೆದ ಒಂದು ಮುಖ, ಅದರೊಳಗೆ ಕಬ್ಬನ್ ಪಾರ್ಕಿನ ಮಳೆಮರ. ಎರಡು ಫೋಟೊಗಳನ್ನು ಹೀಗೆ ಒಂದಾಗಿ ಬೆರೆಸುವುದು ಗಿಂಪ್ ಎಂಬ ಫೋಟೊ ತಿದ್ದುವ ಉಚಿತ ತಂತ್ರಾಂಶದಲ್ಲಿ. ಆದರೆ ಚಿತ್ರ ಕೂಡಿಬರುತ್ತದೋ ಇಲ್ಲವೋ ಎಂಬುದು ಬಹುಪಾಲು ಕ್ಯಾಮೆರಾದಲ್ಲೇ ತೀರ್ಮಾನವಾಗಿರುತ್ತದೆ.

ಮುಖದ ಹಿಂದೆ ಬೋಳು ಬಿಳುಪು ಇರಬೇಕು. ಜುಲೈ ತಿಂಗಳ ಬೆಂಗಳೂರಿನ ಮೋಡ ಇದಕ್ಕೆ ಹೇಳಿ ಮಾಡಿಸಿದ್ದು. ತಾರಸಿಯ ಮೇಲೆ ನಿಲ್ಲಿಸಿ ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ಪಕ್ಕದ ಮನೆಯ ಸಿಂಟೆಕ್ಸು, ಕೇಬಲ್ಲು ಚೌಕಟ್ಟಿಗೆ ಬರುವುದಿಲ್ಲ. ಆಕಾಶಕ್ಕೆ ಕ್ಯಾಮೆರಾದ ಬೆಳಕಿನ ಮೀಟರ್ ಹಿಡಿದು ಎಕ್ಸ್‌ಪೋಶರನ್ನು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಏರಿಸುತ್ತೇನೆ. ಮುಖ ಆಗಲೂ ಕಪ್ಪಗೇ ಉಳಿಯುತ್ತದೆ. ಮರವನ್ನು ತೆಗೆಯುವುದು ಬುಡದಲ್ಲಿ ನಿಂತು ಮೇಲ್ಮುಖವಾಗಿ, ಅಪರ್ಚರ್ ಎಫ್ 8ರಲ್ಲಿ. ಮಳೆಮರ ಸಂಜೆಗೆ ಎಲೆ ಮಡಿಸುತ್ತದೆ. ಆ ಹೊತ್ತಿಗೆ ಹೋದರೆ ಕೊಂಬೆಗಳ ಜಾಲ ಬಿಡಿಸಿಟ್ಟಂತೆ ಸಿಗುತ್ತದೆ.

ಗಿಂಪ್‌ನಲ್ಲಿ ಮೊದಲು ಪ್ರಿಸಿಷನ್, ಅಂದರೆ ಬಣ್ಣದ ಮೆಟ್ಟಿಲುಗಳ ಸೂಕ್ಷ್ಮತೆ, 16 ಬಿಟ್. 8 ಬಿಟ್‌ನಲ್ಲಿ ಲೆವೆಲ್ಸ್ (ಕಪ್ಪು–ಬಿಳುಪಿನ ತುದಿಗಳನ್ನು ಹೊಂದಿಸುವ ಸಾಧನ) ಎಳೆದಷ್ಟೂ ಕೆನ್ನೆಯ ಮೇಲೆ ಪಟ್ಟೆ ಮೂಡುತ್ತವೆ. ಎರಡು ಫೋಟೊಗಳೂ ಒಂದರ ಮೇಲೊಂದು ಪದರ, ಅಂದರೆ ಲೇಯರ್: ಕೆಳಗೆ ಮುಖ, ಮೇಲೆ ಮರ, ಮರದ ಲೇಯರಿನ ಮೋಡ್ (ಕೆಳಗಿನದರೊಡನೆ ಬೆರೆಯುವ ರೀತಿ) ಸ್ಕ್ರೀನ್. ಸ್ಕ್ರೀನ್‌ನಲ್ಲಿ ಬಿಳಿ ಎಲ್ಲವನ್ನೂ ನುಂಗುತ್ತದೆ, ಕಪ್ಪು ಜಾಗ ಬಿಟ್ಟುಕೊಡುತ್ತದೆ. ಅದಕ್ಕೇ ಮರ ಮುಖದೊಳಗೆ ಮಾತ್ರ ಕಾಣುವುದು.

ಬಹಳ ಜನ ಎಡವುವುದು ಇಲ್ಲೇ. ಮುಖದ ಹಿಂದೆ ಕಣ್ಣಿಗೆ ಬಿಳಿ ಎನಿಸುವ ಆಕಾಶದ ಬೆಳಕು ಅಳೆದರೆ ಶೇ 92 ಇರುತ್ತದೆ. ಉಳಿದ ಆ ಶೇ 8ರಲ್ಲಿ ಕೊಂಬೆಗಳು ಮುಖದ ಹೊರಗೂ ಮಬ್ಬಾಗಿ, ಕೊಳೆಯಂತೆ ಇಣುಕುತ್ತವೆ. ಆ ಜಾಗದ ಬಣ್ಣ ಅಳೆಯುವ ಸ್ಯಾಂಪಲ್ ಪಾಯಿಂಟ್ ಇಟ್ಟು ನೋಡಿ, ಮುಖದ ಲೇಯರಿನಲ್ಲಿ ಲೆವೆಲ್ಸ್‌ನ ಬಿಳಿ ತುದಿಯನ್ನು ಶೇ 90ಕ್ಕೆ ತನ್ನಿ. ಕಪ್ಪಿನ ಕಡೆಯೂ ಅಷ್ಟೇ: ಮುಖ ಶೇ 25ರಲ್ಲಿ ನಿಂತಿದ್ದರೆ ಅತಿ ಕಪ್ಪು ಕೊಂಬೆಯೂ ಬೂದಿ ಮೆತ್ತಿದಂತಾಗುತ್ತದೆ. ಗೆರೆ ಬಾಗಿಸಿ ಬೆಳಕು ತಿದ್ದುವ ಕರ್ವ್ಸ್‌ನಲ್ಲಿ ಅದನ್ನು ಶೇ 5–8ಕ್ಕೆ ಇಳಿಸಿ, ರೆಪ್ಪೆಯ ಸುತ್ತ ಮಾತ್ರ ಕೊಂಚ ಬೆಳಕು ಉಳಿಸಿಕೊಳ್ಳುತ್ತೇನೆ.

ಇನ್ನು ಮೂಗಿನ ತುದಿ. ಎಲೆಗಳ ನಡುವಿನ ಆಕಾಶದ ಕಿಂಡಿ ಅಲ್ಲಿ ಬಿದ್ದರೆ ಮೂಗೇ ಮಾಯ. ಮರವನ್ನು ತಿರುಗಿಸಿ, ಬೇಕಿದ್ದರೆ ಫ್ಲಿಪ್ ಮಾಡಿ, ದಪ್ಪ ಕೊಂಬೆಯನ್ನು ಹಣೆ–ಮೂಗು–ತುಟಿಯ ಗೆರೆಗೆ ಕೂರಿಸಿ. ಆಮೇಲೂ ಉಳಿದ ಕಿಂಡಿಗೆ ಮರದ ಲೇಯರ್ ಮಾಸ್ಕಿನ (ಕಪ್ಪು ಬಳಿದಲ್ಲಿ ಲೇಯರನ್ನು ಮರೆಸಿ, ಬಿಳಿ ಬಳಿದಲ್ಲಿ ತೋರಿಸುವ ಪರದೆ) ಮೇಲೆ ಕಪ್ಪು ಬ್ರಶ್.

ಚಿತ್ರಕ್ಕೆ ಜೀವ ಬರುವುದು ಕೊಂಬೆಗಳು ತಲೆಯಿಂದ ಹೊರಗೆ ಚಾಚಿದಾಗ. ಸ್ಕ್ರೀನ್ ಅದಕ್ಕೆ ಬಿಡುವುದಿಲ್ಲ. ಮರದ ಲೇಯರನ್ನು ನಕಲು ಮಾಡಿ ಮೋಡನ್ನು ಮಲ್ಟಿಪ್ಲೈಗೆ ಬದಲಿಸಿ, ಹಳೆಯ ಮಾಸ್ಕ್ ತೆಗೆದು ಪೂರ್ತಿ ಕಪ್ಪು ಮಾಸ್ಕ್ ಹಾಕಿ. ಮೃದು ಅಂಚಿನ ಬಿಳಿ ಬ್ರಶ್, ಒಪ್ಯಾಸಿಟಿ 30. ನೆತ್ತಿಯ ಹಿಂಭಾಗ, ಕುತ್ತಿಗೆಯ ಬುಡ, ಇಷ್ಟೇ ಕಡೆ ಬಳಿಯಿರಿ. ಮಲ್ಟಿಪ್ಲೈನಲ್ಲಿ ಬಿಳಿ ಆಕಾಶ ಕರಗಿ ಕೊಂಬೆ ಮಾತ್ರ ನಿಲ್ಲುತ್ತದೆ. ಬ್ರಶ್ ತಲೆಯೊಳಗೆ ಜಾರಿದರೆ ಅಲ್ಲಿನ ಕೊಂಬೆಗಳು ಮತ್ತೂ ಕಪ್ಪಾಗಿ ಮಸಿ ಹರಡಿದಂತೆ ಕಾಣುತ್ತವೆ.

ಎಲೆಯಂಚಿನಲ್ಲಿ ನೇರಳೆ ಗೆರೆಯಿದ್ದರೆ ಮರದ ಲೇಯರನ್ನು ನಕಲು ಮಾಡುವ ಮೊದಲೇ ಹ್ಯೂ–ಸ್ಯಾಚುರೇಶನ್‌ನಲ್ಲಿ ಮೆಜೆಂಟಾ ಬಣ್ಣದ ಸ್ಯಾಚುರೇಶನ್, ಅಂದರೆ ಗಾಢತೆಯನ್ನು, ಮೈನಸ್ 70 ಮಾಡಿ. ಆಮೇಲಾದರೆ ಎರಡೆರಡು ಕಡೆ ತೊಳೆಯಬೇಕು.

ಪ್ರಿಂಟಿಗೆ 12×18 ಇಂಚು, 300 ಡಿಪಿಐ (ಇಂಚಿಗೆ 300 ಚುಕ್ಕೆ), ಅಂದರೆ 3600×5400 ಪಿಕ್ಸೆಲ್. ಮ್ಯಾಟ್ ಕಾಗದ ಕಪ್ಪಿನ ವಿವರವನ್ನು ಹೀರಿಕೊಳ್ಳುತ್ತದೆ. ಲ್ಯಾಬಿಗೆ ಕೊಡುವ ಪ್ರತಿಯಲ್ಲಿ ಮಾತ್ರ ನೆರಳನ್ನು ತುಸು ಎತ್ತಿ, ಮೊದಲು ಅಂಗೈಯಗಲದ ತುಂಡೊಂದನ್ನು ಹಾಕಿಸಿ, ಹಗಲು ಬೆಳಕಿಗೆ ಹಿಡಿದು ರೆಪ್ಪೆ ಕಾಣುತ್ತದೆಯೇ ನೋಡಿ.